ಕೊನೆಯ ಪುಟಕ್ಕೆ ಅಂಟಿಸಿದ ಚೀಟಿ

ನನ್ನ ತಂಗಿಯನ್ನು ಮನೆಯಲ್ಲಿ ಪುಟ್ಟಿ ಎನ್ನುತ್ತೇವೆ. ಊರಿನ ಸಾಹಿತಿಗಳೆಲ್ಲ ಟೈಪಮ್ಮ ಎನ್ನುತ್ತಾರೆ. ನಮ್ಮೂರಿನಲ್ಲಿ ಸಾಹಿತಿಗಳಿಗೇನೂ ಬರವಿಲ್ಲ. ಹಲ್ಲಿನ ಡಾಕ್ಟರು ಕವಿ, ಗ್ಯಾಸ್ ಏಜೆನ್ಸಿಯವರು ಇನ್ನೂ ದೊಡ್ಡ ಕವಿ, ಬೇಕರಿ ಯಜಮಾನರು ಕಾದಂಬರಿಕಾರರು. ಇವರು ಕೈಯಲ್ಲಿ ಗೀಚಿದ್ದೆಲ್ಲ ಪುಸ್ತಕವಾಗಬೇಕಾದರೆ ಮೊದಲು ನಮ್ಮ ಅಂಗಡಿಯ ಮೆಟ್ಟಿಲು ಹತ್ತಬೇಕು. ಅಂಗಡಿಯೆಂದರೆ ಒಂದೇ ಕೋಣೆ. ಮುಂದಿನ ಅರ್ಧ ನನ್ನದು: ಹೊಲಿಗೆ ಯಂತ್ರ, ಕತ್ತರಿ, ಇಸ್ತ್ರಿ ಮೇಜು. ನಾನು ಹೊಸ ಬಟ್ಟೆ ಹೊಲಿಯುವುದಿಲ್ಲ. ಉದ್ದವಾದದ್ದನ್ನು ಗಿಡ್ಡ ಮಾಡುತ್ತೇನೆ, ಬಿಗಿಯಾದದ್ದನ್ನು ಬಿಡಿಸುತ್ತೇನೆ, ಕೆಟ್ಟ ಜಿಪ್ ಬದಲಿಸುತ್ತೇನೆ. ಹಿಂದಿನ ಅರ್ಧ ಅವಳದು: ಕಂಪ್ಯೂಟರು, ಪ್ರಿಂಟರು, ಒಂದು ಪ್ಲಾಸ್ಟಿಕ್ ಸ್ಟೂಲು. ನನ್ನ ಯಂತ್ರದ ಗಡಗಡ, ಅವಳ ಕೀಲಿಗಳ ಟಪಟಪ, ಎರಡೂ ಸೇರಿ ದಿನ ಹೋಗುತ್ತದೆ.

ನನಗೂ ಸಾಹಿತ್ಯಕ್ಕೂ ಅಷ್ಟಕ್ಕಷ್ಟೆ. ಅವಳಿಗೆ ಹಾಗಲ್ಲ. ಅವಳು ಟೈಪ್ ಹೊಡೆಯುವ ಪ್ರತಿಯೊಂದು ಪುಟದ ಒಳಗೆ ಹೋಗಿ ಕೂರುತ್ತಾಳೆ. ಕಥೆಯಲ್ಲಿ ಯಾರಿಗಾದರೂ ಕೆಲಸ ಸಿಕ್ಕರೆ ಊಟದ ಹೊತ್ತಿನಲ್ಲಿ ನನಗೆ ಸುದ್ದಿ ಬರುತ್ತದೆ. ಯಾರಾದರೂ ಸತ್ತರೆ ಆ ದಿನ ಅವಳ ಮುಖ ನೋಡುವ ಹಾಗಿರುವುದಿಲ್ಲ. ಒಮ್ಮೆ ಅವಳು ಮೂಗು ಒರೆಸಿಕೊಳ್ಳುತ್ತಿದ್ದುದನ್ನು ಕಂಡ ಗಿರಾಕಿಯೊಬ್ಬರು ನಮ್ಮ ಮನೆಯಲ್ಲೇ ಸಾವಾಗಿದೆಯೆಂದುಕೊಂಡು, ಪ್ಯಾಂಟು ಕೊಡದೆ ವಾಪಸು ಹೋಗಿದ್ದರು. ಅವತ್ತು ಅವಳಿಗೆ ಸರಿಯಾಗಿ ಬೈದಿದ್ದೆ.

ಅವಳಿಗಿರುವ ಇನ್ನೊಂದು ಚಾಳಿ ಸರಿಪಡಿಸುವುದು. ಲೇಖಕರು ಬಿಟ್ಟ ಚುಕ್ಕೆ ಇಡುವುದು, ಮರೆತ ಹೆಸರು ಕೂಡಿಸುವುದು ಇದ್ದದ್ದೇ. ಬೇಕರಿ ಯಜಮಾನರ ಮೊದಲ ಕಾದಂಬರಿಯಲ್ಲಿ ನಾಯಕಿಯ ತಾಯಿ ಆರಂಭದಲ್ಲೇ ತೀರಿಕೊಂಡಿದ್ದವಳು, ಅರ್ಧ ಪುಸ್ತಕವಾದ ಮೇಲೆ ಬಂದು ಎಲ್ಲರಿಗೂ ಟೀ ಕೊಟ್ಟಿದ್ದಳು. ಪುಟ್ಟಿ ಒಂದು ಮಾತೂ ಹೇಳದೆ ಆ ತಾಯಿಯನ್ನು ಚಿಕ್ಕಮ್ಮನನ್ನಾಗಿ ಮಾಡಿ, ಅವಳು ಎಲ್ಲಿಂದ ಬಂದಳೆಂದು ಎರಡು ಸಾಲನ್ನೂ ಸೇರಿಸಿಬಿಟ್ಟಳು. ಪುಸ್ತಕ ಬಂದಾಗ ಊರಿನ ಪತ್ರಿಕೆಯಲ್ಲಿ ಯಾರೋ ಆ ಚಿಕ್ಕಮ್ಮನ ಪಾತ್ರವನ್ನೇ ಹೊಗಳಿ ಬರೆದರು. ಯಜಮಾನರು ಬೀಗಿದರೇ ಹೊರತು ತಮ್ಮ ಕಾದಂಬರಿಯಲ್ಲಿ ಚಿಕ್ಕಮ್ಮ ಯಾವಾಗ ಹುಟ್ಟಿದಳೆಂದು ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮೂರ ಲೇಖಕರು ಬರೆಯುತ್ತಾರೆ, ಬರೆದದ್ದನ್ನು ಓದುವುದಿಲ್ಲ. ಕರಡು ತಿದ್ದಲು ಕರೆದರೆ, "ಅಯ್ಯೋ, ನೀನೇ ನೋಡ್ಕೊಂಡ್ಬಿಡಮ್ಮ," ಎಂದು ಹೇಳಿ ಎದ್ದು ಹೋಗುತ್ತಾರೆ.

ಹೀಗೆ ಬಂದವರಲ್ಲಿ ಮೀಟರ್ ಮಾವ ಒಬ್ಬರು. ಕೆಲಸದಲ್ಲಿದ್ದಷ್ಟು ಕಾಲ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದಿದವರು. ಊರಿನ ಎಲ್ಲ ಮನೆಗಳ ಬಾಗಿಲ ಹಿಂಭಾಗ, ಮೆಟ್ಟಿಲ ಕೆಳಭಾಗ ಅವರಿಗೆ ಗೊತ್ತು. ನಿವೃತ್ತಿಯಾದ ಮೇಲೆ ಒಬ್ಬ ಮೀಟರ್ ಓದುವವನ ಮತ್ತು ಅವನ ಹೆಂಡತಿಯ ಕಥೆ ಬರೆಯಲು ಕೂತರು. ಅವರದು ಕೋಳಿ ಕಾಲಿನ ಅಕ್ಷರ. ಪುಟ್ಟಿಗೆ ಒಂದು ಸಾಲೂ ಹತ್ತಲಿಲ್ಲ. ಅದಕ್ಕೆ ಅವರ ಹೆಂಡತಿಯೇ ಹಾಳೆಗಳನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಬರತೊಡಗಿದರು. ಅವರನ್ನು ನಾವು ಅತ್ತೆ ಎನ್ನುತ್ತಿದ್ದೆವು. ಸ್ಟೂಲಿನ ಮೇಲೆ ನಾನು ಹೊಲಿದುಕೊಟ್ಟ ದಿಂಬು ಹಾಕಿಕೊಂಡು ಅತ್ತೆ ಗಟ್ಟಿಯಾಗಿ ಓದುವುದು, ಪುಟ್ಟಿ ಹೊಡೆಯುವುದು. ನನ್ನ ಯಂತ್ರ ಸದ್ದು ಮಾಡಿದರೆ ಅತ್ತೆ ಓದುವುದನ್ನು ನಿಲ್ಲಿಸಿ ನನ್ನತ್ತ ನೋಡುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡು ಕೈ ಹೊಲಿಗೆಗೆ ಕೂರುತ್ತಿದ್ದೆ. ಜನ್ಮದಲ್ಲಿ ನಾನು ಪೂರ್ತಿ ಕೇಳಿಸಿಕೊಂಡ ಪುಸ್ತಕ ಅದೊಂದೇ.

ಓದುತ್ತ ಓದುತ್ತ ಅತ್ತೆ ಗಂಡನನ್ನು ಹಿಡಿದು ಝಾಡಿಸುತ್ತಿದ್ದರು. "ಇದು ಶುದ್ಧ ಸುಳ್ಳು! ಇವರು ಆವತ್ತು ಛತ್ರಿ ತಗೊಂಡೇ ಹೋಗಿರ್ಲಿಲ್ಲ. ನೆನೆದು ತೊಪ್ಪೆಯಾಗಿ ಬಂದು ನನ್ನ ಮೇಲೆ ರೇಗಿದ್ರು. ಇಲ್ಲಿ ನೋಡಿದ್ರೆ ಛತ್ರಿ ಬಿಚ್ಕೊಂಡು ಹಾಡ್ತಾ ಬರ್ತಿದ್ದಾರೆ."

"ತೆಗೆದುಬಿಡ್ಲಾ ಅತ್ತೆ?" ಎಂದು ಪುಟ್ಟಿ ಕೇಳುವಳು. ಅವಳಿಗೆ ಅಷ್ಟೇ ಸಾಕು.

"ಬೇಡ ಬೇಡ. ಅವರು ಬರೆದ ಹಾಗೇ ಹೊಡಿ ಮಗಳೇ. ಪುಸ್ತಕ ಅವರದ್ದು."

ಕಥೆ ಮುಗಿಯುವ ಮೊದಲೇ ಅತ್ತೆಗೆ ಕಾಯಿಲೆಯಾಯಿತು. ಬರುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ನಾವೇ ಹೋಗಿ ನೋಡಿಕೊಂಡು ಬರುತ್ತಿದ್ದೆವು. ಮಾವ ಒಬ್ಬರೇ ಎಲ್ಲ ಮಾಡುತ್ತಿದ್ದರು. ಮಾತ್ರೆ, ಗಂಜಿ, ಹಾಸಿಗೆ ಬದಲಿಸುವುದು. ಮಕ್ಕಳು ಬಂದು ಹೋಗಿ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಅತ್ತೆ ಹೋಗಿಬಿಟ್ಟರು. ಪುಟ್ಟಿ ವಾರಗಟ್ಟಲೆ ಸ್ಟೂಲನ್ನು ಯಾರಿಗೂ ಕೂರಲು ಕೊಡಲಿಲ್ಲ. ಗ್ಯಾಸ್ ಏಜೆನ್ಸಿಯ ಕವಿಗಳು ನಿಂತುಕೊಂಡೇ ಹೊಸ ಕವಿತೆ ಹೇಳಬೇಕಾಯಿತು. ಹಾಗಾಗಿ ಅದು ಬೇಗ ಮುಗಿಯಿತು, ಅಷ್ಟು ಉಪಕಾರ.

ಆಮೇಲೆ ಮಾವ ಅದೇ ಬಟ್ಟೆಯ ಚೀಲ ಹಿಡಿದುಕೊಂಡು ಬಂದರು. ಕೊನೆಯ ಅಧ್ಯಾಯ. ಓದಿ ಹೇಳುತ್ತೇನೆಂದು ಸ್ಟೂಲಿನ ಮೇಲೆ ಕೂತರು. ಹಾಳೆ ತೆಗೆದರು, ಕನ್ನಡಕ ಹಾಕಿಕೊಂಡರು, ಬಾಯಿ ತೆರೆದರು. ದನಿ ಹೊರಡಲಿಲ್ಲ. ಹಾಳೆಗಳನ್ನು ಪುಟ್ಟಿಯ ಮೇಜಿನ ಮೇಲಿಟ್ಟರು.

"ಇಷ್ಟರಲ್ಲಿ ನನ್ನ ಅಕ್ಷರ ನಿಂಗೆ ರೂಢಿಯಾಗಿರುತ್ತೆ. ನೀನೇ ಓದ್ಕೊಂಡು ಹೊಡಿ. ನಾನು ಇದನ್ನ ಇನ್ನೊಂದ್ಸಲ ಓದಲ್ಲ," ಎಂದು ಹೇಳಿ ಎದ್ದು ಹೋದರು.

ಆ ಮಧ್ಯಾಹ್ನ ಅವಳ ಕೀಲಿಗಳ ಸದ್ದು ಒಂದು ಕಡೆ ನಿಂತು ಬಹಳ ಹೊತ್ತು ಸುಮ್ಮನಿತ್ತು. ಆಮೇಲೆ ಒಂದೇ ಉಸಿರಿನಲ್ಲಿ ಹೊಡೆದು ಮುಗಿಸಿದಳು. ಮುಗಿಯಿತಲ್ಲ ಸದ್ಯ ಅಂದುಕೊಂಡೆ ನಾನು.

ಗ್ರಂಥಾಲಯದಲ್ಲಿ ವರ್ಷಕ್ಕೊಮ್ಮೆ ನಮ್ಮೂರ ಲೇಖಕರ ಮೇಳ ನಡೆಯುತ್ತದೆ. ಅದರ ಹಿಂದಿನ ಸಂಜೆ ಮುದ್ರಣಾಲಯದಿಂದ ಮಾವನ ಪುಸ್ತಕದ ಕಟ್ಟು ಬಂತು. ಹೊಸ ಪುಸ್ತಕ ಬಂದರೆ ಪುಟ್ಟಿ ಮೊದಲು ಮೂಗಿಗೆ ಹಿಡಿಯುತ್ತಾಳೆ, ಆಮೇಲೆ ಕಣ್ಣಿಗೆ. ಈ ಸಲ ಕಟ್ಟು ಬಿಚ್ಚಲೇ ಇಲ್ಲ. ಹಾವು ಬಂದು ಕೂತಿದೆಯೇನೋ ಎಂಬಂತೆ ಅದನ್ನು ಸುತ್ತಿ ಹೋಗುತ್ತಿದ್ದಳು.

"ಏನೇ ಅದು?" ಎಂದೆ.

"ಅಕ್ಕ, ಒಂದು ಕೆಲಸ ಮಾಡ್ಬಿಟ್ಟಿದ್ದೀನಿ."

ಹೇಳಿದಳು. ಮಾವ ಬರೆದ ಕೊನೆಯ ಪುಟದಲ್ಲಿ ಹೆಂಡತಿ ಸಾಯುತ್ತಾಳೆ. ಪುಟ್ಟಿ ಹೊಡೆದ ಪುಟದಲ್ಲಿ ಸಾಯುವುದಿಲ್ಲ. ಎದ್ದು ಕೂತು ನೀರು ಕುಡಿಯುತ್ತಾಳೆ.

ನನ್ನ ಕೈಯಲ್ಲಿದ್ದ ಸೂಜಿ ಕೈಯಲ್ಲೇ ಉಳಿಯಿತು. "ನಿಂಗೇನು ತಲೆ ಕೆಟ್ಟಿದ್ಯಾ?"

"ಇಡೀ ಪುಸ್ತಕ ಅತ್ತೆ ದನೀಲಿ ಕೇಳಿದ್ದೀನಿ ಅಕ್ಕ. ಅವರು ಸಾಯೋದನ್ನ ನನ್ನ ಬೆರಳಲ್ಲಿ ಹೊಡಿಯೋಕೆ ಆಗ್ಲೇ ಇಲ್ಲ. ಆಮೇಲೆ ಸರಿ ಮಾಡೋಣ ಅಂತಿದ್ದೆ. ಮಾವ ಹೇಗೂ ಮತ್ತೆ ಓದಲ್ಲ ಅಂದ್ರಲ್ಲ. ಹಾಗೇ ಬಿಟ್ಟೆ."

"ಅವರು ಬರೆದ ಹಾಗೇ ಹೊಡಿ ಅಂತ ಅತ್ತೆ ಎಷ್ಟು ಸಲ ಹೇಳಿದ್ರು? ಸತ್ತವರ ಮಾತಿಗೂ ಬೆಲೆ ಇಲ್ವೇನೇ ನಿನ್ನ ಹತ್ರ?"

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. "ನಾಳೆ ಮೇಳ ಮುಗೀಲಿ. ನಾನೇ ಹೋಗಿ ಹೇಳ್ತೀನಿ. ಅವರ ಪುಸ್ತಕದ ದಿನ ಹಾಳು ಮಾಡೋದು ಬೇಡ," ಎಂದಳು. ಅದೂ ಸರಿಯೆನ್ನಿಸಿತು ನನಗೆ. ಆದರೆ ನಮ್ಮ ಮೇಳದ ಕಟ್ಟಳೆ ನೆನಪಾಗಿ ಸೂಜಿ ಕೆಳಗಿಟ್ಟೆ.

ಕಟ್ಟಳೆ ಏನೆಂದರೆ, ನಮ್ಮ ಮೇಳದಲ್ಲಿ ಲೇಖಕರು ತಮಗೆ ಬೇಕಾದದ್ದನ್ನು ಓದುವ ಹಾಗಿಲ್ಲ. ಹಿಂದೆ ಓದುತ್ತಿದ್ದರು. ಒಂದು ವರ್ಷ ಗ್ಯಾಸ್ ಏಜೆನ್ಸಿಯ ಕವಿಗಳು ಮೈಕ್ ಹಿಡಿದವರು ಬಿಡಲೇ ಇಲ್ಲ. ಟೀ ಆರಿ, ಮತ್ತೆ ಕಾಯಿಸಿ, ಮತ್ತೆ ಆರಿತು. ಗ್ರಂಥಾಲಯದ ಮೇಡಮ್ಮು ಅವತ್ತೇ ಶಪಥ ಮಾಡಿದರು. ಅಂದಿನಿಂದ ಕೇಳುಗರಲ್ಲಿ ಒಬ್ಬರು ಪುಟ ಹೇಳಬೇಕು, ಲೇಖಕರು ಆ ಒಂದು ಪುಟ ಓದಿ ಕೂತುಕೊಳ್ಳಬೇಕು.

ಪುಟ ಕೇಳುವವರಲ್ಲಿ ಒಬ್ಬ ಅಜ್ಜಿ ಇದ್ದಾರೆ. ಹಿಂದೆ ಸಿನಿಮಾ ಟಾಕೀಸಿನಲ್ಲಿ ಟಿಕೆಟ್ ಕೊಡುತ್ತಿದ್ದವರು. ಪ್ರತಿ ಚಿತ್ರ ಮುಗಿಯುವ ಹೊತ್ತಿಗೆ ಮುಂದಿನ ಆಟಕ್ಕೆ ಕೌಂಟರ್ ತೆರೆಯಬೇಕಾಗಿದ್ದರಿಂದ ಒಂದು ಚಿತ್ರದ ಕೊನೆಯನ್ನೂ ನೋಡಿದವರಲ್ಲ. ಆ ಸಿಟ್ಟನ್ನೆಲ್ಲ ಈಗ ಪುಸ್ತಕಗಳ ಮೇಲೆ ತೀರಿಸಿಕೊಳ್ಳುತ್ತಾರೆ. ಅವರು ಕೇಳುವುದು ಯಾವಾಗಲೂ ಕೊನೆಯ ಪುಟವನ್ನೇ. ಕಾಟ ತಡೆಯಲಾರದೆ ಮೇಡಮ್ಮು, ಒಬ್ಬರಿಗೆ ದಿನಕ್ಕೆ ಒಂದೇ ಸಲ ಅವಕಾಶ ಎಂದು ಇನ್ನೊಂದು ಕಟ್ಟಳೆ ಮಾಡಿದ್ದರು.

ಹಾಗಾಗಿ ಮರುದಿನ ನಾನು ಬೇಗ ಹೋಗಿ ಅಜ್ಜಿಯ ಪಕ್ಕದ ಕುರ್ಚಿಯನ್ನೇ ಹಿಡಿದೆ. ಪುಟ್ಟಿ ಗ್ರಂಥಾಲಯದ ಹಾಲಿನ ಹಿಂಭಾಗದ ಪುಸ್ತಕದ ಮೇಜಿನಲ್ಲಿದ್ದಳು. ಮಾರಾಟಕ್ಕೆ ಕೂರುವುದು ಪ್ರತಿವರ್ಷವೂ ಅವಳೇ. ಮಾವ ಮೊದಲ ಸಾಲಿನಲ್ಲಿ ಕೂತಿದ್ದರು. ಅವರು ಹಾಕಿದ್ದ ಅಂಗಿಯನ್ನು ನಾನೇ ಹಿಂದಿನ ವಾರ ಹಿಡಿದು ಹೊಲಿದುಕೊಟ್ಟಿದ್ದೆ, ಆದರೂ ಹೆಗಲಲ್ಲಿ ಜೋಲುತ್ತಿತ್ತು.

ಹಲ್ಲಿನ ಡಾಕ್ಟರು ಎದ್ದಾಗ ನಾನು ಅಜ್ಜಿಯ ಕಿವಿಯಲ್ಲಿ ಉಸುರಿದೆ. "ಅಜ್ಜಿ, ಇವರ ಪುಸ್ತಕದ ಕೊನೆ ತುಂಬಾ ಚೆನ್ನಾಗಿದೆಯಂತೆ. ಕೇಳಿಬಿಡಿ."

"ಕವಿತೆಗೆ ಕೊನೆ ಅಂತ ಇರುತ್ತೇನೇ? ಎಲ್ಲಿ ನಿಲ್ಲಿಸಿದ್ರೂ ನಡೆಯುತ್ತೆ. ನಾನು ಕಥೆಗೆ ಕಾಯ್ತೀನಿ," ಎಂದರು ಅಜ್ಜಿ.

ಬೇಕರಿ ಯಜಮಾನರು ಎದ್ದಾಗ ಇನ್ನೊಮ್ಮೆ ತಿವಿದೆ. "ಅವನ ಕಾದಂಬರಿ ಓದಿಯಾಗಿದೆ. ಚಿಕ್ಕಮ್ಮ ಚೆನ್ನಾಗಿದ್ದಾಳೆ," ಎಂದು ಅಜ್ಜಿ ತಲೆಯಾಡಿಸಿಬಿಟ್ಟರು.

ಮಾವನ ಹೆಸರು ಕರೆದರು. ಮಾವ ಇನ್ನೂ ಮೈಕಿನ ಹತ್ತಿರ ಹೋಗಿರಲಿಲ್ಲ, ನಾನು ನಿಂತುಕೊಂಡು "ಹದಿನಾಲ್ಕು!" ಎಂದು ಕೂಗಿದೆ. ನನ್ನ ದನಿ ನನಗೇ ವಿಕಾರವಾಗಿ ಕೇಳಿಸಿತು. ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಮೇಡಮ್ಮು ನಕ್ಕರು. "ನೀವು ಪುಸ್ತಕ ಮುಟ್ಟೋರಲ್ಲ ಅಂತ ಊರಿಗೇ ಗೊತ್ತಲ್ಲ ಅಕ್ಕ. ಕೂತ್ಕೊಳಿ. ಅಜ್ಜಿ ಆಗ್ಲಿಂದ ಕೈ ಎತ್ಕೊಂಡಿದ್ದಾರೆ."

"ಕೊನೇ ಪುಟ," ಎಂದರು ಅಜ್ಜಿ.

ಮಾವ ತಕ್ಷಣ ಪುಸ್ತಕ ತೆರೆಯಲಿಲ್ಲ. "ಅದೊಂದು ಬಿಟ್ಟು ಬೇರೆ ಯಾವುದಾದ್ರೂ..." ಎಂದರು.

"ಯಾಕಪ್ಪ, ಕೊನೆ ಚೆನ್ನಾಗಿಲ್ವಾ?"

ಮಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು. ನಾನು ಹಿಂದೆ ತಿರುಗಿ ನೋಡಿದೆ. ಪುಟ್ಟಿ ಮೇಜಿನ ಅಂಚು ಹಿಡಿದುಕೊಂಡು ನಿಂತಿದ್ದಳು. ಓಡಿ ಹೋಗಿ ಆ ಪುಸ್ತಕವನ್ನು ಕಿತ್ತುಕೊಂಡು ಬರಲೇ ಅನ್ನಿಸಿತು. 

ಮಾವ ಓದತೊಡಗಿದರು. "ನಾನು ನೀರು ಕಾಯಿಸಿಕೊಂಡು ಬಂದೆ. ಅವಳು ಗೋಡೆಗೆ ಒರಗಿ ಎದ್ದು ಕೂತಿದ್ದಳು."

ಅಲ್ಲಿಗೆ ನಿಂತರು. ಪುಸ್ತಕವನ್ನು ಮಗುಚಿ ಮುಖಪುಟ ನೋಡಿದರು. ಅವರದ್ದೇ ಹೆಸರಿತ್ತು. ಒಂದಿಬ್ಬರು ನಕ್ಕರು. ಮಾವ ಮತ್ತೆ ಕೊನೆಯ ಪುಟಕ್ಕೆ ಬಂದು, ಹಿಂದೆ ಬಾಗಿಲ ಸಂದಿಯಲ್ಲಿ ನಿಂತು ಮೀಟರಿನ ಅಂಕಿಗಳನ್ನು ಓದುತ್ತಿದ್ದರಲ್ಲ, ಅದೇ ಏರಿಳಿತವಿಲ್ಲದ ದನಿಯಲ್ಲಿ ಉಳಿದದ್ದನ್ನು ಓದಿದರು. "ಲೋಟ ತುಟಿಗಿಟ್ಟವಳು ಮುಖ ಸಿಂಡರಿಸಿದಳು. ಇಷ್ಟು ಬಿಸಿ ಮಾಡಿದ್ರೆ ಯಾರು ಕುಡೀತಾರೆ, ನಿಮಗೆ ಮೀಟರ್ ನೋಡೋದು ಬಿಟ್ರೆ ಇನ್ನೇನೂ ಬರಲ್ಲ ಅಂದಳು. ನಾನು ಇನ್ನೊಂದು ಲೋಟ ತಂದು ಆ ನೀರನ್ನು ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಸುರಿದು ಆರಿಸಿಕೊಟ್ಟೆ. ಕುಡಿದಳು. ಕಿಟಕಿಯಲ್ಲಿ ಬೆಳಕು ಹರಿಯಿತು."

ಪುಸ್ತಕ ಮುಚ್ಚಿದರು. ಮೈಕಿನಲ್ಲಿ, "ಇದು ನಾನು ಬರೆದದ್ದಲ್ಲ," ಎಂದರು.

ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ನಮ್ಮ ಕವಿಗಳೆಲ್ಲ ತಮ್ಮ ಕವಿತೆಯನ್ನು ತಾವು ಬರೆದದ್ದಲ್ಲ, ಅದಾಗಿಯೇ ಬಂತು ಎಂದು ಪ್ರತಿವರ್ಷವೂ ಹೇಳುತ್ತಾರೆ. ಗ್ಯಾಸ್ ಏಜೆನ್ಸಿಯವರಂತೂ "ಆಹಾ, ಎಂಥ ಮಾತು!" ಎಂದು ಕಣ್ಣು ಮುಚ್ಚಿಕೊಂಡರು. "ಬದುಕಿದಳಲ್ಲ, ಸದ್ಯ. ನನಗೆ ಎರಡು ಪ್ರತಿ ಬೇಕು," ಎಂದು ಅಜ್ಜಿ ಪರ್ಸ್ ಹುಡುಕತೊಡಗಿದರು.

ಮಾವ ಯಾರ ಮುಖವನ್ನೂ ನೋಡದೆ ಇಳಿದು ನೇರ ಹಿಂದಿನ ಮೇಜಿಗೆ ಬಂದರು. ನಾನೂ ಹಿಂದೆಯೇ ಓಡಿದೆ.

"ನನ್ನ ಪುಟ ಏನಾಯ್ತು?"

"ಅಂಗಡೀಲಿದೆ ಮಾವ. ಹೊಡಿಯೋಕೆ ಆಗ್ಲಿಲ್ಲ. ನಾನೇ ಬೇರೆ ಬರೆದೆ. ತಪ್ಪಾಯ್ತು."

ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಮಾವ ಮೇಜಿನ ಮೇಲೆ ಎರಡೂ ಕೈ ಊರಿ, ತಗ್ಗಿದ ದನಿಯಲ್ಲಿ ಹೇಳಿದರು. "ಅವಳು ಹೋಗುವಾಗ ನಾನು ಪಕ್ಕದಲ್ಲಿರ್ಲಿಲ್ಲಮ್ಮ. ಅಷ್ಟು ತಿಂಗಳು ಅಲ್ಲಾಡದೆ ಕೂತಿದ್ದವನು, ಆ ಒಂದು ಗಳಿಗೆ ನೀರು ಕಾಯಿಸೋಕೆ ಎದ್ದು ಹೋಗಿದ್ದೆ. ಕೈ ಹಿಡ್ಕೊಂಡೇ ಇದ್ದೆ ಅಂತ ಮಕ್ಕಳಿಗೆ ಸುಳ್ಳು ಹೇಳಿದ್ದೀನಿ. ಅದೊಂದನ್ನ ಹೇಳಿಬಿಡ್ಬೇಕು ಅಂತಲೇ ಆ ಕೊನೇ ಪುಟ ಬರೆದೆ. ನೀನು ಅದನ್ನೇ ತೆಗೆದುಹಾಕ್ಬಿಟ್ಯಲ್ಲ."

 ಪುಟ್ಟಿಯ ಮೇಲೆ ನನಗಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಅವಳನ್ನು ಹಿಂದಕ್ಕೆ ಎಳೆದುಕೊಂಡು ನಾನೇ ಮುಂದೆ ನಿಲ್ಲಬೇಕೆನ್ನಿಸಿತು. ಅಷ್ಟರಲ್ಲಿ ಅವಳು ಮೇಜು ಬಿಟ್ಟು ಹೊರಟಿದ್ದಳು. ಕುರ್ಚಿಗಳ ನಡುವೆ ನಡೆದು ಹೋಗಿ ಮೈಕಿನ ಮುಂದೆ ನಿಂತಳು. ಹುಟ್ಟಿದಾರಭ್ಯ ಮೈಕ್ ಮುಟ್ಟಿದವಳಲ್ಲ.

"ಈಗ ಓದಿದ ಪುಟ ಮಾವ ಬರೆದದ್ದಲ್ಲ. ನಾನು ಬದಲಾಯಿಸಿದ್ದು. ಅವರನ್ನ ಕೇಳಿರ್ಲಿಲ್ಲ. ಪುಸ್ತಕ ತಗೊಂಡೋರು ದಯವಿಟ್ಟು ವಾಪಸ್ ಕೊಡಿ, ಸರಿ ಮಾಡಿಕೊಡ್ತೀನಿ."

 ಹಾಲಿನಲ್ಲೆಲ್ಲ ಪಟಪಟನೆ ಪುಟ ತಿರುವುವ ಸದ್ದು ಶುರುವಾಯಿತು. ಊರಿನ ಲೇಖಕರೆಲ್ಲ ತಂತಮ್ಮ ಪುಸ್ತಕವನ್ನು ತೆರೆದು, ಮೊಟ್ಟಮೊದಲ ಬಾರಿಗೆ, ತಾವು ಬರೆದದ್ದನ್ನು ಓದುತ್ತಿದ್ದರು. ಹಲ್ಲಿನ ಡಾಕ್ಟರು ಬೆರಳಿಟ್ಟು ಸಾಲು ಸಾಲು ನೋಡುತ್ತಿದ್ದರು. ಬೇಕರಿ ಯಜಮಾನರು ಒಮ್ಮೆಲೇ ತಲೆಯೆತ್ತಿ, "ಆ ಚಿಕ್ಕಮ್ಮ!" ಎಂದರು.

ಇನ್ನು ನಮ್ಮ ಅಂಗಡಿಯ ಹಿಂದಿನ ಅರ್ಧಕ್ಕೆ ಬೀಗವೇ ಗತಿ ಎಂದುಕೊಂಡೆ. ಹಾಗೇನೂ ಆಗಲಿಲ್ಲ. ಲೇಖಕರು ಈಗಲೂ ಬರುತ್ತಾರೆ. ಆದರೆ ಕರಡನ್ನು ನನ್ನ ಇಸ್ತ್ರಿ ಮೇಜಿನ ಮೇಲೆ ಹರಡಿಕೊಂಡು, ಗೊಣಗುತ್ತ, ಪೂರ್ತಿ ಓದಿ ಸಹಿ ಹಾಕಿ ಹೋಗುತ್ತಾರೆ. ನನಗೆ ಇಸ್ತ್ರಿಗೆ ಜಾಗವಿಲ್ಲ. ಬೇಕರಿ ಯಜಮಾನರು ಮಾತ್ರ ಒಂದು ದಿನ ಬಂದು, ಯಾರೂ ಇಲ್ಲದ್ದು ನೋಡಿ, "ಚಿಕ್ಕಮ್ಮ ಇರ್ಲಿ ಬಿಡಮ್ಮ. ಮುಂದಿನ ಭಾಗದಲ್ಲೂ ಬೇಕಾಗ್ತಾಳೆ," ಎಂದು ಹೇಳಿ ಹೋದರು. ಇದೆಲ್ಲ ಆಮೇಲಿನ ಮಾತು.

ಅವತ್ತು ಪುಟ್ಟಿ ಮೈಕಿನಿಂದ ವಾಪಸು ಬಂದಾಗ ಮಾವ ಅಲ್ಲೇ ಇದ್ದರು. ಅಂಗಡಿಗೆ ಓಡಿ ಹೋಗಿ ಅವರ ಪುಟ ತರುತ್ತೇನೆಂದಳು.

"ಬೇಡ. ಬಾಯಲ್ಲೇ ಇದೆ," ಎಂದು ಮಾವ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು. ಮೇಡಮ್ಮು ಗ್ರಂಥಾಲಯದ ಲ್ಯಾಪ್‌ಟಾಪು ತಂದಿಟ್ಟರು. "ನಾನು ಹೇಳ್ತೀನಿ. ಹೇಳಿದ ಹಾಗೇ ಹೊಡಿ."

ಓದಲಾರದೆ ಎದ್ದು ಹೋಗಿದ್ದ ಮನುಷ್ಯ ಈಗ ಒಂದೊಂದೇ ಸಾಲು ಹೇಳಿದರು. ಪುಟ್ಟಿ ಒಂದೊಂದೇ ಸಾಲು ಹೊಡೆದಳು. "ನಾನು ನೀರು ಕಾಯಿಸಿಕೊಂಡು ಬಂದೆ. ಅವಳು ಹೋಗಿಯಾಗಿತ್ತು. ಬೇಗ ಬಂದೆನಲ್ಲ ಎಂದು ಅವಳಿಗೆ ಹೇಳಿದೆ. ಲೋಟ ಎಲ್ಲಿಡಬೇಕೆಂದು ಗೊತ್ತಾಗದೆ ಹಿಡಿದುಕೊಂಡೇ ನಿಂತೆ. ನೀರು ಆರುವ ತನಕ ಯಾರನ್ನೂ ಕರೆಯಲಿಲ್ಲ." ಮಾವ ಒಂದು ಸಾಲಿನ ನಡುವೆ ನಿಲ್ಲಿಸಿದರು. ಪುಟ್ಟಿ ಬೆರಳುಗಳನ್ನು ಕೀಲಿಗಳ ಮೇಲೆ ಹಾಗೇ ಇಟ್ಟುಕೊಂಡು ಕಾದಳು. ಒಂದು ಚುಕ್ಕೆಯನ್ನೂ ತಾನಾಗಿ ಇಡಲಿಲ್ಲ.

ಗ್ರಂಥಾಲಯದ ಪ್ರಿಂಟರಿನಲ್ಲಿ ಚೀಟಿಗಳು ಬಂದವು. ಕತ್ತರಿ ನನ್ನ ಕೆಲಸ. ಅಂಚು ನೇರವಾಗಿ ಕತ್ತರಿಸಿಕೊಟ್ಟೆ. ಪುಟ್ಟಿ ಅಂಟು ಹಚ್ಚಿ ಆ ತಪ್ಪು ಪುಟದ ಮೇಲೆ ಇಟ್ಟಳು. ಮಾವ ಅಂಗೈಯಿಂದ ಒತ್ತಿದರು. ಅಜ್ಜಿಯೇ ಮೊದಲು ತಮ್ಮ ಎರಡು ಪ್ರತಿಯನ್ನು ಮುಂದೆ ಹಿಡಿದರು. ಚೀಟಿಯನ್ನು ನಿಂತಲ್ಲೇ ಓದಿ, ಮಾವನ ತೋಳನ್ನು ಒಮ್ಮೆ ಮುಟ್ಟಿ ಹೋದರು. ಸಭೆ ಮುಗಿದು, ಜನ ಕರಗಿ, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಡುವಾಗಲೂ ನಾವು ಮೂವರು ಅಂಟಿಸುತ್ತಲೇ ಇದ್ದೆವು. ಮಾವ ಪುಟ್ಟಿಯ ಜೊತೆ ಮಾತಾಡಲಿಲ್ಲ. ಅವಳೂ ಮಾತಾಡಿಸಲು ಹೋಗಲಿಲ್ಲ.

ಕಟ್ಟಿನಲ್ಲಿ ಒಂದೇ ಪುಸ್ತಕ ಉಳಿಯಿತು. ಪುಟ್ಟಿ ಅದರ ಕೊನೆಯ ಪುಟ ತೆರೆದು, ಚೀಟಿಗೆ ಅಂಟು ಹಚ್ಚಿಕೊಂಡಳು. ಮಾವ ಅವಳ ಕೈ ತಡೆದರು.

"ಇದಕ್ಕೆ ಬೇಡ," ಎಂದರು.

ಪುಸ್ತಕವನ್ನು ತಾವೇ ಮುಚ್ಚಿ, ಅತ್ತೆಯ ಬಟ್ಟೆಯ ಚೀಲಕ್ಕೆ ಹಾಕಿಕೊಂಡರು. "ಇದು ಮನೇಲಿರ್ಲಿ."

ಪುಟ್ಟಿ ಆಗ ಅತ್ತಳು. ಮಾವ ಬಾಗಿಲು ದಾಟಿ ಹೋದರು. ಆಮೇಲೆ ಅವಳ ಬೆರಳಿಗೆ ಹತ್ತಿದ್ದ ಅಂಟನ್ನು ಒರೆಸಿ, ಉಳಿದ ಆ ಚೀಟಿಯನ್ನು ಮಡಿಸಿ ಕಸದ ಬುಟ್ಟಿಗೆ ಹಾಕಿದೆ.